ಮನೆಯಲ್ಲೇ ಕಾರು ಬಿಚ್ಚೋರ ಟೂಲ್ ಪೆಟ್ಟಿಗೆ: 10ರಿಂದ ಶುರು ಮಾಡಿ

ಬಾನೆಟ್ ಎತ್ತಿ ನೋಡಿ. ಬ್ಯಾಟರಿ ಟರ್ಮಿನಲ್ಲಿನ ನಟ್ಟು 10 ಎಂಎಂ. ಬ್ಯಾಟರಿಯನ್ನ ಹಿಡಿದಿಟ್ಟಿರೋ ಪಟ್ಟಿ ಬಹುಪಾಲು 10. ಇಗ್ನಿಷನ್ ಕಾಯಿಲ್, ಹೆಡ್‌ಲೈಟ್, ಅರ್ಥ್ ವೈರ್ ಬಾಡಿಗೆ ಸೇರೋ ಜಾಗ, ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಅಳತೆ ಎದುರಾಗುತ್ತೆ. ಎಂ6, ಅಂದರೆ 6 ಎಂಎಂ ದಪ್ಪದ ಬೋಲ್ಟಿನ ತಲೆ ಸಾಮಾನ್ಯವಾಗಿ 10 ಎಂಎಂ ಇರುತ್ತೆ. ಕಾರಿನ ಸಣ್ಣಪುಟ್ಟ ಭಾಗಗಳನ್ನ ಹಿಡಿದಿರೋದು ಬಹುತೇಕ ಎಂ6 ಬೋಲ್ಟುಗಳೇ.

ಅಲ್ಲಿಂದ ಮುಂದೆ ನಿಮ್ಮ ಕಾರು ಯಾವ ಕಡೆಯದು ಅನ್ನೋದು ಮುಖ್ಯ. ಮಾರುತಿ ಸುಜುಕಿ, ಟೊಯೋಟ, ಹೋಂಡಾ, ಹ್ಯುಂಡೈ ಇವುಗಳಲ್ಲಿ ಜಪಾನಿನ ರೂಢಿ ನಡೆಯುತ್ತೆ: ಎಂ8 ಬೋಲ್ಟಿಗೆ 12ರ ತಲೆ, ಎಂ10ಕ್ಕೆ 14, ಎಂ12ಕ್ಕೆ 17. ಯುರೋಪಿನ ರೂಢಿಯಲ್ಲಿ ಅದೇ ಎಂ8ಕ್ಕೆ 13, ಎಂ10ಕ್ಕೆ 16 ಅಥವಾ 17. ಹಾಗಾಗಿ ಸ್ವಿಫ್ಟ್ ಇಟ್ಟುಕೊಂಡವರಿಗೆ 8, 10, 12, 14, 17, 19 ಈ ಆರು ಸಾಕೆಟ್ (ಬೋಲ್ಟಿನ ತಲೆ ಮೇಲೆ ಕೂರೋ ಕೊಳವೆ) ಇದ್ದರೆ ಮನೆಯಲ್ಲಿ ಮಾಡೋ ಕೆಲಸದ ಬಹುಪಾಲು ನಡೆದುಹೋಗುತ್ತೆ. ಹ್ಯುಂಡೈ, ಕಿಯಾ ಆದರೆ ಚಕ್ರದ ನಟ್ಟಿಗೆ 21 ಸೇರಿಸಿ. ಪೋಲೋ ಥರದ ಫೋಕ್ಸ್‌ವ್ಯಾಗನ್ ಆದರೆ 13 ಮತ್ತು 16 ಬೇಕು, ಜೊತೆಗೆ ಟಾರ್ಕ್ಸ್ (ಆರು ಮೊನೆಯ ನಕ್ಷತ್ರದಾಕಾರದ) ಬಿಟ್‌ಗಳ ಸೆಟ್ಟೂ ಬೇಕು. ಅದರಲ್ಲಿ ಚಕ್ರಕ್ಕೆ ನಟ್ಟಿಲ್ಲ, 17ರ ಬೋಲ್ಟು ಇರುತ್ತೆ. ಡಸ್ಟರ್ ಡೀಸೆಲ್‌ನ ಆಯಿಲ್ ಡ್ರೈನ್ ಪ್ಲಗ್ (ಹಳೆ ಆಯಿಲ್ ಇಳಿಸೋ ಬಿರಡೆ) ಹೊರಗಿನಿಂದ ಹಿಡಿಯೋ ತಲೆಯದೇ ಅಲ್ಲ, ಒಳಗೆ 8 ಎಂಎಂನ ಚೌಕದ ಗುಂಡಿ. ಅದಕ್ಕೆ ಬೇರೆ ಕೀಲಿಯೇ ಬೇಕು.

ಆದ್ದರಿಂದಲೇ 108 ಪೀಸ್, 216 ಪೀಸ್ ಅಂತ ಹೊಳೆಯೋ ಪೆಟ್ಟಿಗೆ ಮೊದಲು ತಗೋಬೇಡಿ ಅನ್ನೋದು. ಎಣಿಸಿ ನೋಡಿದರೆ ಅದರಲ್ಲಿ ಅರ್ಧಕ್ಕರ್ಧ ಸ್ಕ್ರೂಡ್ರೈವರ್ ಬಿಟ್‌ಗಳು, 4, 4.5, 5.5ರಂಥ ಪುಟ್ಟ ಸಾಕೆಟ್‌ಗಳು. ಕಾರಿನಲ್ಲಿ ಅವಕ್ಕೆ ಕೆಲಸ ತೀರಾ ಕಡಿಮೆ. ನಿಜವಾಗಿ ಬೇಕಾದ ಉದ್ದನೆಯ 10, ಉದ್ದನೆಯ 14 ಅದರಲ್ಲಿ ಇದೆಯಾ ಅಂತ ನೋಡಿ. ಮೊದಲು ನಿಮ್ಮ ಕಾರಿನಲ್ಲಿ ಯಾವ ಕೆಲಸ ಮಾಡ್ತೀರಿ ಅಂತ ಗೊತ್ತುಮಾಡಿ, ಅದರ ಬೋಲ್ಟಿನ ಅಳತೆ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಸಾಕೆಟ್ ತಗೊಳ್ಳುವಾಗ ಒಳಗೆ ಇಣುಕಿ ನೋಡಿ. ಒಳಗೆ ಆರು ಮೂಲೆ ಇದೆಯೋ, ಹನ್ನೆರಡೋ? ಹನ್ನೆರಡು ಮೂಲೆಯದು ಬೋಲ್ಟಿನ ತಲೆಯನ್ನ ಮೂಲೆಗಳ ಹತ್ತಿರ ಮಾತ್ರ ಹಿಡಿಯುತ್ತೆ. ಹೊಸ ಬೋಲ್ಟಿಗೆ ಪರವಾಗಿಲ್ಲ. ಎಂಟು ವರ್ಷ ಮಳೆ ನೀರು ಕುಡಿದು ತುಕ್ಕು ಹಿಡಿದ ಬೋಲ್ಟಿಗೆ ಜೋರು ಹಾಕಿದಾಗ ಆ ಆರು ಮೂಲೆಗಳೇ ಮೊದಲು ಸವೆದು, ಸಾಕೆಟ್ ಕಟಕ್ ಅಂತ ಒಂದು ಹಲ್ಲು ಜಾರುತ್ತೆ. ಒಮ್ಮೆ ಜಾರಿದರೆ ತಲೆ ದುಂಡಗಾದ ಹಾಗೇ. ಆಮೇಲೆ ವೈಸ್ ಗ್ರಿಪ್ಪೋ ವೆಲ್ಡಿಂಗೋ ಆಗಬೇಕು. ಆರು ಮೂಲೆಯ ಸಾಕೆಟ್ ತಲೆಯ ಆರೂ ಮಗ್ಗುಲನ್ನ ಅಪ್ಪಿಕೊಂಡು ಕೂರುತ್ತೆ, ಮೂಲೆಗಳ ಮೇಲೆ ಭಾರ ಕಡಿಮೆ. ಹನ್ನೆರಡು ಮೂಲೆಯದಕ್ಕೆ ಇಕ್ಕಟ್ಟಿನಲ್ಲಿ ಸಲೀಸಾಗಿ ಕೂರೋ ಗುಣ ಇದೆ ನಿಜ, ಆದರೆ ಆ ಅನುಕೂಲ ರಿಂಗ್ ಸ್ಪ್ಯಾನರ್‌ಗೆ ಇರಲಿ, ಸಾಕೆಟ್‌ಗೆ ಬೇಡ.

ಹಿಡಿಕೆ ಕೂರೋ ಚೌಕದ ಅಳತೆ ಮೂರು: ಕಾಲಿಂಚು, 3/8 ಇಂಚು, ಅರ್ಧ ಇಂಚು. ಅಂಗಡಿಯವರು ಅರ್ಧ ಇಂಚಿನದನ್ನೇ ಕೈಗೆ ಕೊಡ್ತಾರೆ. ಅದು ಚಕ್ರಕ್ಕೆ, ಸಸ್ಪೆನ್ಷನ್ನಿಗೆ ಸರಿ. 10ರ ಬೋಲ್ಟಿಗೆ ಅಷ್ಟು ಉದ್ದದ ಹಿಡಿಕೆ ಹಾಕಿದರೆ ಕೈಗೆ ಬಿಗಿ ಗೊತ್ತಾಗೋದಿಲ್ಲ, ಎಂ6 ಬೋಲ್ಟು ಕಡ್ಡಿಯ ಹಾಗೆ ಮುರಿದುಬಿಡುತ್ತೆ. ನನ್ನ ಮಟ್ಟಿಗೆ ಪೆಟ್ಟಿಗೆಯ ಜೀವ ಅಂದರೆ ಒಂದೇ ದಿಕ್ಕಿಗೆ ಹಿಡಿದು ತಿರುಗಿಸೋ ಹಿಡಿಕೆ, 3/8ರ ರ‍್ಯಾಚೆಟ್. ಅದಕ್ಕೆ 75 ಮತ್ತು 150 ಎಂಎಂನ ಎರಡು ಎಕ್ಸ್‌ಟೆನ್ಷನ್, ಒಂದು ಯುನಿವರ್ಸಲ್ ಜಾಯಿಂಟ್ ಇರಲಿ. ಸ್ಪಾರ್ಕ್ ಪ್ಲಗ್‌ಗೆ 16 ಎಂಎಂನ, ಒಳಗೆ ರಬ್ಬರೋ ಮ್ಯಾಗ್ನೆಟ್ಟೋ ಇರೋ ಉದ್ದ ಸಾಕೆಟ್; ಕೆಲವು ಹೊಸ ಎಂಜಿನ್‌ಗಳಿಗೆ 14ರದು ಬೇಕಾಗುತ್ತೆ.

ಇದರ ಜೊತೆ ರಿಂಗ್ ಸ್ಪ್ಯಾನರ್ ಸೆಟ್ ಒಂದು, ಡಬಲ್ ಎಂಡ್ ಸ್ಪ್ಯಾನರ್ ಸೆಟ್ ಒಂದು. ನಮ್ಮಲ್ಲಿ ಸಿಗೋ ಎಂಟರ ಸೆಟ್ಟು 6-7ರಿಂದ ಶುರುವಾಗಿ 8-9, 10-11, 12-13 ಅಂತ 20-22ರವರೆಗೆ ಹೋಗುತ್ತೆ. ತಪಾರಿಯಾದಂಥ ನಮ್ಮ ದೇಶದ ಕಂಪನಿಗಳದು ಮನೆ ಕೆಲಸಕ್ಕೆ ಧಾರಾಳ ಸಾಕು. ದವಡೆ ಹಿಗ್ಗಿಸಿ ಕುಗ್ಗಿಸೋ ಸ್ಕ್ರೂ ಸ್ಪ್ಯಾನರ್ ಒಂದಿರಲಿ, ಆದರೆ ಅದನ್ನ ಎದುರು ಕಡೆಯ ನಟ್ಟು ತಿರುಗದ ಹಾಗೆ ಹಿಡಿಯೋಕೆ ಮಾತ್ರ ಬಳಸಿ. ಬಿಗಿ ಬಿಚ್ಚೋಕೆ ಅದನ್ನ ಹಾಕಿದರೆ ದವಡೆ ಸಡಿಲಾಗಿ ತಲೆ ಸವೆಸುತ್ತೆ.

ಸ್ಕ್ರೂಡ್ರೈವರ್ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಮಾತಿದೆ. ಜಪಾನಿ ಮೂಲದ ಕಾರುಗಳ ಸ್ಟಾರ್ ಸ್ಕ್ರೂ ನೋಡೋಕೆ ಫಿಲಿಪ್ಸ್ ಥರ ಇದ್ದರೂ ಅದು ಬೇರೆ ಅಳತೆ, ಜೆಐಎಸ್ ಅಂತಾರೆ. ಕೆಲವು ಸ್ಕ್ರೂಗಳ ತಲೆ ಮೇಲೆ ಒಂದು ಚುಕ್ಕಿ ಇರುತ್ತೆ, ಅದೇ ಗುರುತು. ಫಿಲಿಪ್ಸ್ ಹಾಕಿ ಜೋರಾಗಿ ತಿರುಗಿಸಿದರೆ ಮೇಲೆದ್ದು ಜಾರಿ ಗುಂಡಿಯನ್ನ ಹಾಳು ಮಾಡುತ್ತೆ. 2ನೇ ನಂಬರಿನ ಜೆಐಎಸ್ ಒಂದು ತಂದಿಟ್ಟರೆ ಸಾಕು. ಅದು ಫಿಲಿಪ್ಸ್ ಸ್ಕ್ರೂಗೂ ಕೂರುತ್ತೆ. ಇನ್ನು ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಹೋಸ್ ಕ್ಲಿಪ್ ಒತ್ತೋಕೆ ವಾಟರ್ ಪಂಪ್ ಪ್ಲೇಯರ್, ಅಲೆನ್ ಕೀ ಸೆಟ್, ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸೋ ಪಟ್ಟಿ. ಸ್ಕ್ರೂಡ್ರೈವರ್‌ನಿಂದ ಕ್ಲಿಪ್ ಎಬ್ಬಿಸಿದರೆ ಕ್ಲಿಪ್ಪೂ ಮುರಿಯುತ್ತೆ, ಡ್ಯಾಶ್‌ಬೋರ್ಡೂ ಗೀರುತ್ತೆ.

ಈಗ ದುಡ್ಡು ಹಾಕಲೇಬೇಕಾದ ಜಾಗಕ್ಕೆ ಬರೋಣ. ಕಾರಿನ ಜೊತೆ ಕಂಪನಿ ಕೊಟ್ಟಿರೋ ಜ್ಯಾಕ್ ಸ್ಟೆಪ್ನಿ ಬದಲಿಸೋಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈ, ತಲೆ, ಕಾಲು ಯಾವುದೂ ಹೋಗಬಾರದು. ಟ್ರಾಲಿ ಜ್ಯಾಕ್ ಇದ್ದರೂ ಇದೇ ಮಾತು: ಒಳಗಿನ ಸೀಲ್ ಸೋರಿದರೆ ಅದು ಸದ್ದಿಲ್ಲದೆ ಇಳಿಯುತ್ತೆ. ಜ್ಯಾಕ್ ಇರೋದು ಎತ್ತೋಕೆ, ಹೊರೋದು ಸ್ಟ್ಯಾಂಡ್. 2 ಟನ್ನಿನ ಒಂದು ಜೊತೆ ಸ್ಟ್ಯಾಂಡ್ ಇಲ್ಲದಿದ್ದರೆ ಕಾರಿನ ಕೆಳಗಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಸ್ಟ್ಯಾಂಡ್ ಬದಲು ಹಾಲೋ ಬ್ಲಾಕ್, ಇಟ್ಟಿಗೆ ಪೇರಿಸೋದನ್ನ ಎಷ್ಟೋ ಮನೆಗಳ ಮುಂದೆ ನೋಡ್ತೀವಿ. ಗೋಡೆಯ ಉದ್ದಕ್ಕೂ ಹರಡಿದ ಭಾರ ಹೊರೋಕೆ ಮಾಡಿದ ಬ್ಲಾಕ್ ಅದು. ಒಂದೇ ಜಾಗದಲ್ಲಿ ಕಬ್ಬಿಣದ ಅಂಚು ಒತ್ತಿದರೆ ಯಾವ ಸೂಚನೆಯೂ ಇಲ್ಲದೆ ಪುಡಿಯಾಗುತ್ತೆ. ಸಣ್ಣ ಕಾರೇ ಆದರೂ ಸುಮಾರು 900 ಕೆಜಿ ತೂಕ ಇರುತ್ತೆ ಅನ್ನೋದು ನೆನಪಿರಲಿ.

ನೆಲವೂ ನೋಡಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ನುಣುಪು ಟೈಲ್ಸ್ ಮೇಲೆ ಸ್ಟ್ಯಾಂಡ್ ಜಾರುತ್ತೆ, ಮನೆ ಮುಂದಿನ ಇಂಟರ್‌ಲಾಕ್ ಕಲ್ಲಿನ ಮೇಲೆ ಒಂದು ಕಾಲು ಕುಸಿಯುತ್ತೆ, ಏಪ್ರಿಲ್ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಹೂತುಕೊಳ್ಳುತ್ತೆ. 18 ಎಂಎಂ ಪ್ಲೈವುಡ್‌ನ ಒಂದೊಂದು ಅಡಿ ಚೌಕದ ತುಂಡು ಕೆಳಗೆ ಹಾಕಿ. ಇಳಿಜಾರಿನಲ್ಲಿ ಎತ್ತೋದೇ ಬೇಡ.

ಎತ್ತೋ ಕ್ರಮ ಹೀಗೆ. ಹ್ಯಾಂಡ್‌ಬ್ರೇಕ್ ಹಾಕಿ, ಫಸ್ಟ್ ಗೇರಿನಲ್ಲಿ ನಿಲ್ಲಿಸಿ. ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ. ಎತ್ತೋ ಚಕ್ರದ ಕರ್ಣಕ್ಕಿರೋ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಜಗ್ಗಾಡಿದರೆ ಕಾರು ಜ್ಯಾಕಿನಿಂದ ಬೀಳುತ್ತೆ. ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದಿಂದ ಸ್ವಲ್ಪ ಈಚೆಗೆ ಎರಡು ಕಚ್ಚು ಇರುತ್ತೆ, ಅವುಗಳ ನಡುವೆ ಮಾತ್ರ ಜ್ಯಾಕ್. ಎತ್ತಿ, ಸ್ಟ್ಯಾಂಡ್ ಕೊಟ್ಟು, ಭಾರವನ್ನ ಅದರ ಮೇಲೆ ಇಳಿಸಿ, ಕೈಯಿಂದ ಕಾರನ್ನ ಅಲುಗಾಡಿಸಿ ನೋಡಿ. ಬೀಳೋದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನ ಅಡ್ಡ ಮಲಗಿಸಿ ಕಾರಿನ ಅಂಚಿನ ಕೆಳಗೆ ತಳ್ಳಿ. ಸ್ಟ್ಯಾಂಡ್ ಕೈಕೊಟ್ಟರೂ ಅಷ್ಟು ಎತ್ತರವಾದರೂ ಉಳಿಯುತ್ತೆ.

ವಾಪಸ್ ಹಾಕುವಾಗ ನಟ್ಟಿನ ಇಳಿಜಾರು ಮುಖ ಚಕ್ರದ ಕಡೆಗಿರಬೇಕು. ಕೈಯಲ್ಲೇ ನಾಲ್ಕೈದು ಸುತ್ತು ಹಾಕಿ, ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ, ಕೆಳಗಿಳಿಸಿದ ಮೇಲೆ ಟಾರ್ಕ್ ರೆಂಚ್ (ನಾವಿಟ್ಟ ಬಿಗಿ ಮುಟ್ಟಿದಾಗ ಕಟ್ ಅನ್ನೋ ರೆಂಚ್) ಹಾಕಿ. ಸಣ್ಣ ಕಾರುಗಳಿಗೆ ಈ ಬಿಗಿ 85ರಿಂದ 110 ನ್ಯೂಟನ್ ಮೀಟರ್ ಆಸುಪಾಸು, ಪೋಲೋಗೆ 120. ನಿಮ್ಮದಕ್ಕೆ ಎಷ್ಟು ಅನ್ನೋದು ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇದೆ. ಬಹಳ ಜನ ರೆಂಚಿನ ಮೇಲೆ ಹತ್ತಿ ನಿಂತು ಬಿಗಿ ಮಾಡ್ತಾರೆ. 60 ಕೆಜಿಯ ಮನುಷ್ಯ 40 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ ನಿಂತರೆ ಸುಮಾರು 235 ನ್ಯೂಟನ್ ಮೀಟರ್ ಆಯಿತು, ಬೇಕಾದದ್ದರ ಎರಡು ಪಟ್ಟಿಗಿಂತ ಹೆಚ್ಚು. ನಟ್ಟು ಕೂರೋ ಸ್ಟಡ್ ಎಳೆದು ಹಿಗ್ಗುತ್ತೆ, ಬ್ರೇಕ್ ಡಿಸ್ಕ್ ಸೊಟ್ಟಗಾಗುತ್ತೆ, ಮುಂದೆ ರಾತ್ರಿ ಹೊತ್ತು ದಾರಿಯಲ್ಲಿ ಪಂಕ್ಚರ್ ಆದಾಗ ನಟ್ಟು ಬಿಚ್ಚೋಕೇ ಆಗೋದಿಲ್ಲ. ಟೈರ್ ಅಂಗಡಿಯ ಏರ್ ಗನ್ ಕೂಡ ಇದನ್ನೇ ಮಾಡುತ್ತೆ. ಅಲ್ಲಿಂದ ಮನೆಗೆ ಬಂದ ಮೇಲೆ ಒಂದು ಸಲ ಸಡಿಲಿಸಿ ಟಾರ್ಕ್ ಹಾಕಿಡಿ. ಸ್ಟಡ್‌ಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ಉಜ್ಜಾಟ ಕಡಿಮೆಯಾಗಿ, ರೆಂಚು ಅದೇ 85ಕ್ಕೆ ಕಟ್ ಅಂದರೂ ಸ್ಟಡ್ ಮೇಲೆ ಎಳೆತ ಹೆಚ್ಚಿರುತ್ತೆ. ಸುಮಾರು 100 ಕಿಮೀ ಓಡಿಸಿ ಮತ್ತೊಮ್ಮೆ ನೋಡಿ.

ಟಾರ್ಕ್ ರೆಂಚಿನಲ್ಲಿ ಕಟ್ ಅಂದ ಕೂಡಲೇ ಕೈ ನಿಲ್ಲಬೇಕು. "ಇನ್ನೊಂದು ಸ್ವಲ್ಪ ಇರಲಿ" ಅಂತ ಎರಡನೇ ಸಲ ಒತ್ತಿದರೆ ಅಳತೆಗೆ ಅರ್ಥವಿಲ್ಲ. ಅದರಿಂದ ನಟ್ಟು ಬಿಚ್ಚಬೇಡಿ. ಬಿಚ್ಚೋಕೆ ಅರ್ಧ ಇಂಚಿನ ಉದ್ದ ಬ್ರೇಕರ್ ಬಾರ್ ಬೇರೆ ಇರಲಿ. ಕೆಲಸ ಮುಗಿದ ಮೇಲೆ ರೆಂಚನ್ನ ಅದರ ಅತಿ ಕಡಿಮೆ ಅಳತೆಗೆ ತಿರುಗಿಸಿ ಇಡಿ, ಒಳಗಿನ ಸ್ಪ್ರಿಂಗು ಬಿಗಿಯಲ್ಲೇ ಉಳಿದರೆ ಅಳತೆ ತಪ್ಪುತ್ತೆ.

ಕಾರಿನ ತೊಂದರೆಗಳಲ್ಲಿ ಸ್ಪ್ಯಾನರ್‌ಗೆ ಸಿಗೋದಕ್ಕಿಂತ ಮಲ್ಟಿಮೀಟರ್‌ಗೆ ಸಿಗೋದೇ ಜಾಸ್ತಿ. ದುಬಾರಿಯದು ಬೇಡ, ಡಿಸಿ ವೋಲ್ಟ್, ವೈರು ತುಂಡಾಗಿಲ್ಲ ಅಂತ ಬೀಪ್ ಮಾಡಿ ಹೇಳೋ ಕಂಟಿನ್ಯೂಯಿಟಿ, 10 ಆಂಪಿಯರ್ ಅಳೆಯೋ ತೂತು ಇದ್ದರೆ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಹೆಚ್ಚುಕಮ್ಮಿ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿಯಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇದ್ದರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕೆಲಸ ಮಾಡ್ತಿದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನ ಬೇಕೆಂದು ಕಮ್ಮಿ ಮಾಡುತ್ತೆ, ಒಂದು ಸಲ ಕಮ್ಮಿ ಕಂಡಿತು ಅಂತ ಆಲ್ಟರ್ನೇಟರ್ ಬಿಚ್ಚಬೇಡಿ. ಹೆಡ್‌ಲೈಟ್, ಬ್ಲೋವರ್ ಹಾಕಿ ಮತ್ತೆ ನೋಡಿ.

ಕಾರು ಎರಡು ದಿನ ನಿಂತರೆ ಸ್ಟಾರ್ಟ್ ಆಗೋದಿಲ್ಲ ಅನ್ನೋ ದೂರಿಗೆ ಹೊಸ ಬ್ಯಾಟರಿ ಹಾಕೋ ಮುಂಚೆ ಕರೆಂಟ್ ಸೋರಿಕೆ ನೋಡಿ. ಎಲ್ಲ ಆಫ್ ಮಾಡಿ, ಕೀಲಿ ದೂರ ಇಟ್ಟು, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿ ಕಂಬಕ್ಕೂ ನಡುವೆ ಮೀಟರನ್ನ 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಅರ್ಧ ಗಂಟೆ ಕಾಯಿರಿ, ಕಾರಿನ ಕಂಪ್ಯೂಟರ್‌ಗಳು ಮಲಗೋಕೆ ಅಷ್ಟು ಹೊತ್ತು ಬೇಕು. ಆಮೇಲೆ 0.05 ಆಂಪಿಯರ್‌ಗಿಂತ ಕಡಿಮೆ ಇದ್ದರೆ ಸರಿ. ಹೆಚ್ಚಿದ್ದರೆ ಫ್ಯೂಸ್‌ಗಳನ್ನ ಒಂದೊಂದಾಗಿ ಕೀಳ್ತಾ ಬನ್ನಿ. ಯಾವುದು ಕಿತ್ತಾಗ ಅಂಕಿ ದಪ್ಪನೆ ಇಳಿಯುತ್ತೋ ಕಳ್ಳ ಅಲ್ಲಿದಾನೆ. ಮೀಟರ್ ಸೇರಿಸಿಟ್ಟಾಗ ಬಾಗಿಲು ತೆಗೆಯಬೇಡಿ, ಸ್ಟಾರ್ಟಂತೂ ಮಾಡಲೇಬೇಡಿ. ಮುಗಿದ ಕೂಡಲೇ ಕೆಂಪು ವೈರನ್ನ ವೋಲ್ಟ್ ತೂತಿಗೆ ವಾಪಸ್ ಹಾಕಿ. ಆಂಪಿಯರ್ ತೂತಿನಲ್ಲೇ ಮರೆತು ಮುಂದಿನ ಸಲ ಬ್ಯಾಟರಿಯ ಎರಡೂ ಕಂಬಕ್ಕೆ ತಾಗಿಸಿದರೆ ನೇರ ಶಾರ್ಟ್. ಮೀಟರಿನ ಫ್ಯೂಸು ಹೋದರೆ ಅದು ಪುಣ್ಯ.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಕಾರಿನ ಇಡೀ ಬಾಡಿ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ಸ್ಪ್ಯಾನರೇ ಕಾದು ಕೆಂಪಾಗುತ್ತೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗೋದಿಲ್ಲ. ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ನೀರು, ಹಳೆ ಹಲ್ಲುಜ್ಜೋ ಬ್ರಷ್ಷು. ಒಣಗಿದ ಮೇಲೆ ತೆಳ್ಳಗೆ ವ್ಯಾಸಲೀನ್.

ಫ್ಯೂಸ್‌ಗಳನ್ನ ಬಣ್ಣದಿಂದ ಗುರುತು ಹಿಡೀಬಹುದು: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಒಂದೊಂದರಲ್ಲೂ ಎರಡೆರಡು ಇರಲಿ. 10 ಸುಟ್ಟಿತು ಅಂತ 20 ಹಾಕಿದರೆ ಮುಂದಿನ ಸಲ ಸುಡೋದು ವೈರು. ಜಂಪ್ ಕೇಬಲ್ ತಗೊಳ್ಳುವಾಗ ಹೊರಗಿನ ರಬ್ಬರಿನ ದಪ್ಪಕ್ಕೆ ಮರುಳಾಗಬೇಡಿ, ಒಳಗಿನ ತಾಮ್ರ ಕನಿಷ್ಠ 16 ಚದರ ಎಂಎಂ ಇರಲಿ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಒಬಿಡಿ ಸ್ಕ್ಯಾನರ್ ಒಂದಿದ್ದರೆ ಎಂಜಿನ್ ಲೈಟ್ ಹತ್ತಿದಾಗ ಕುರುಡು ಊಹೆ ತಪ್ಪುತ್ತೆ. ಪಿ0301 ಅಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂತ. ಆಗ ಆ ಸಿಲಿಂಡರಿನ ಕಾಯಿಲನ್ನ ಎರಡನೆಯದರ ಜೊತೆ ಅದಲುಬದಲು ಮಾಡಿ ಓಡಿಸಿ. ಕೋಡ್ 0302ಕ್ಕೆ ಹೋದರೆ ಕಾಯಿಲ್ಲೇ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್ಗೋ ಇಂಜೆಕ್ಟರೋ. ನೋಡಿಯಾದ ಮೇಲೆ ಸ್ಕ್ಯಾನರ್ ಕಿತ್ತಿಡಿ, ಸದಾ ಸಿಕ್ಕಿಸಿಟ್ಟರೆ ಅದೇ ಬ್ಯಾಟರಿ ಹೀರುತ್ತೆ.

ಈ ಪೆಟ್ಟಿಗೆಯಿಂದ ಮಾಡೋ ಮೊದಲ ದೊಡ್ಡ ಕೆಲಸ ಆಯಿಲ್ ಬದಲಾವಣೆ. ವಾರಂಟಿ ಇನ್ನೂ ಇದ್ದರೆ ಅದನ್ನ ಸರ್ವಿಸ್ ಸೆಂಟರ್‌ಗೇ ಬಿಡಿ. 1.2 ಲೀಟರಿನ ಪೆಟ್ರೋಲ್ ಎಂಜಿನ್‌ಗೆ ಫಿಲ್ಟರ್ ಸೇರಿ 3ರಿಂದ 3.5 ಲೀಟರ್ ಹಿಡಿಯುತ್ತೆ. ಐದು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಡ್ರೈನ್ ಪ್ಲಗ್ ಬಿಚ್ಚಿ, ಹೆಚ್ಚಿನವಕ್ಕೆ 14 ಅಥವಾ 17. ಪ್ಲಗ್ಗಿನ ಕೆಳಗಿನ ವಾಷರ್ ಒಮ್ಮೆ ನಜ್ಜಾಗಿಯೇ ಕೂರೋದು, ಹಾಗಾಗಿ ಪ್ರತಿ ಸಲ ಹೊಸದು. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗು ಅದರ ಜೊತೆಗೇ ಬಂತಾ ನೋಡಿ. ಎಂಜಿನ್ನಿಗೆ ಅಂಟಿ ಉಳಿದಿದ್ದು, ಅದರ ಮೇಲೆ ಹೊಸದು ಕೂತರೆ ಎರಡು ರಬ್ಬರಿನ ನಡುವಿಂದ ಅಷ್ಟೂ ಆಯಿಲ್ ನಿಮಿಷಗಳಲ್ಲಿ ಹೊರಗೆ ಬರುತ್ತೆ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ತಾಗೋವರೆಗೆ ತಿರುಗಿಸಿ, ಆಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಫಿಲ್ಟರ್ ರೆಂಚ್ ಇರೋದು ಬಿಚ್ಚೋಕೆ, ಬಿಗಿ ಮಾಡೋಕಲ್ಲ. ಡ್ರೈನ್ ಪ್ಲಗ್ ಬಿಗಿ ಪುಸ್ತಕ ನೋಡಿ ಹಾಕಿ, ಸಾಮಾನ್ಯವಾಗಿ 35 ನ್ಯೂಟನ್ ಮೀಟರ್ ಸುತ್ತಮುತ್ತ; ಆಯಿಲ್ ನಿಲ್ಲೋ ಅಲ್ಯೂಮಿನಿಯಂ ತಟ್ಟೆಯ, ಅಂದರೆ ಸಂಪಿನ ಥ್ರೆಡ್ ಹೋದರೆ ಸಂಪೇ ಬದಲಿಸಬೇಕಾಗಬಹುದು. ಕಾರು ಕೆಳಗಿಳಿಸಿ 3 ಲೀಟರ್ ಸುರಿದು, ಒಂದು ನಿಮಿಷ ಓಡಿಸಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡ್ತಾ ಉಳಿದದ್ದನ್ನ ಸ್ವಲ್ಪ ಸ್ವಲ್ಪ ಹಾಕಿ. ಹಳೆ ಆಯಿಲನ್ನ ಅದೇ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ದಯವಿಟ್ಟು ಚರಂಡಿಗೆ ಬೇಡ, ಗಿಡದ ಬುಡಕ್ಕೂ ಬೇಡ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರ ಪೆಟ್ಟಿಗೆಯಲ್ಲಿ ತುಕ್ಕು ಬಿಡಿಸೋ ಸ್ಪ್ರೇ ಮತ್ತು ವೈರ್ ಬ್ರಷ್ ಮೊದಲ ಸಾಲಿನಲ್ಲೇ ಇರಬೇಕು. ಉಪ್ಪಿನ ಗಾಳಿಗೆ ಸಿಕ್ಕ ಬೋಲ್ಟಿಗೆ ಹಿಂದಿನ ಸಂಜೆಯೇ ಸ್ಪ್ರೇ ಹೊಡೆದು, ಬೆಳಿಗ್ಗೆ ಇನ್ನೊಂದು ಸಲ ಹೊಡೆದು, ಸುತ್ತಿಗೆಯಿಂದ ತಲೆಗೆ ನಾಲ್ಕು ಸಣ್ಣ ಏಟು ಕೊಟ್ಟು ಬಿಚ್ಚಿ. ತಿರುಗೋಕೆ ಶುರುವಾಗಿ ಮತ್ತೆ ಗಟ್ಟಿಯಾದರೆ ಜೋರು ಮಾಡದೆ ಒಂದು ಸುತ್ತು ಹಿಂದೆ ತಿರುಗಿಸಿ, ಮತ್ತೆ ಬಿಚ್ಚಿ. ಟೂಲ್‌ಗಳಿಗೂ ಅಷ್ಟೇ: ಮಳೆಗಾಲದಲ್ಲಿ ಆಯಿಲ್ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಹಳದಿ ಕನೆಕ್ಟರ್ ಇರೋ ವೈರು ಏರ್‌ಬ್ಯಾಗಿನದು, ಮುಟ್ಟಬೇಡಿ. ಎಲೆಕ್ಟ್ರಿಕ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಹತ್ತಿರವೂ ಹೋಗಬೇಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಬ್ರೇಕ್ ಪೈಪು, ಎಸಿ ಗ್ಯಾಸು ಮನೆ ಪೆಟ್ಟಿಗೆಯ ಕೆಲಸ ಅಲ್ಲ.

ಬೆಂಗಳೂರಿನವರು ಟೂಲ್‌ಗೆ ಎಸ್‌ಪಿ ರೋಡು, ಬಿಡಿಭಾಗಕ್ಕೆ ಜೆಸಿ ರೋಡು ಸುತ್ತಿದರೆ ಕೈಯಲ್ಲಿ ಹಿಡಿದು ನೋಡಿ ತಗೋಬಹುದು. ರ‍್ಯಾಚೆಟನ್ನ ಕಿವಿ ಹತ್ತಿರ ಇಟ್ಟು ನಿಧಾನ ತಿರುಗಿಸಿ, ಹಲ್ಲಿನ ಸದ್ದು ಒಂದೇ ಸಮ ಬರಬೇಕು. ಸಾಕೆಟ್ ಮೇಲೆ ಕ್ರೋಮ್ ವೆನೇಡಿಯಂ ಅಂತ ಕೊರೆದಿದೆಯಾ ನೋಡಿ. ಜೇಬಲ್ಲಿ ಒಂದು 10ರ ತಲೆಯ ಬೋಲ್ಟು ಒಯ್ದು ಸಾಕೆಟ್‌ಗೆ ಹಾಕಿ ಅಲ್ಲಾಡಿಸಿ. ಲೊಡಲೊಡ ಅಂದರೆ ಬಿಟ್ಟುಬಿಡಿ.

ಮನೆಗೆ ಬಂದ ಮೇಲೆ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಚಕ್ರದ ನಟ್ಟಿನ ಅಳತೆ ಮತ್ತು ಬಿಗಿ, ಡ್ರೈನ್ ಪ್ಲಗ್ಗಿನ ಅಳತೆ ಮತ್ತು ಬಿಗಿ, ಆಯಿಲ್ ಎಷ್ಟು ಲೀಟರ್, ಯಾವ ಗ್ರೇಡು, ಟೈರಿನ ಗಾಳಿ ಎಷ್ಟು, ಬ್ಯಾಟರಿ ಹಾಕಿದ ತಿಂಗಳು. ಇನ್ನೊಂದು 10ರ ಸಾಕೆಟ್ ತಂದು ಅದರ ಪಕ್ಕದಲ್ಲೇ ಟೇಪ್ ಹಾಕಿಡಿ. ಮೊದಲನೆಯದು ಎಂಜಿನ್ ಸಂದಿಗೆ ಬಿದ್ದ ದಿನ ಬೇಕಾಗುತ್ತೆ.